ಹೊರಗೆ ಬಂದ ಮೇಲೆ ನೆನಪಾಗುವ ಮಾತು

ಪ್ರಶ್ನೆ: ಅಪ್ಪನಿಗೆ 68 ವರ್ಷ. ಬಿಪಿ, ಶುಗರ್ ಎರಡೂ ಇವೆ. ತಿಂಗಳಿಗೊಮ್ಮೆ ಹಳ್ಳಿಯಿಂದ ದಾವಣಗೆರೆಗೆ ಕರೆದುಕೊಂಡು ಹೋಗುತ್ತೇನೆ. ಏಳಕ್ಕೆ ಟೋಕನ್ ತೆಗೆದುಕೊಂಡರೆ ನಮ್ಮ ಸರದಿ ಬರುವುದು ಹನ್ನೊಂದೂವರೆಗೆ. ಡಾಕ್ಟರು ಬಿಪಿ ನೋಡಿ, ಚೀಟಿ ಬರೆಯುವಷ್ಟರಲ್ಲಿ ಸಿಸ್ಟರ್ ಮುಂದಿನ ಹೆಸರು ಕೂಗಿರುತ್ತಾರೆ. ಹೋದ ಸಲ ಬಿಪಿಗೆ ಇನ್ನೊಂದು ಮಾತ್ರೆ ಸೇರಿತು, ಯಾಕೆಂದು ಹೇಳಲಿಲ್ಲ. ಬೆಳಿಗ್ಗೆ ಏಳುವಾಗ ತಲೆ ತಿರುಗುತ್ತದೆ ಎಂಬುದು ಅಪ್ಪನಿಗೆ ನೆನಪಾದದ್ದು ಹೊರಗೆ ಬಂದ ಮೇಲೆ. ಫೀಸು ಕೊಟ್ಟೂ ಈ ಗತಿ. ಡಾಕ್ಟರನ್ನು ಬದಲಿಸಲೇ?
– ಹೆಸರು ಬೇಡ, ದಾವಣಗೆರೆ ಜಿಲ್ಲೆ

ಉತ್ತರ: ಮೊದಲು ತಲೆಸುತ್ತು. ಅದಕ್ಕೆ ಮುಂದಿನ ತಿಂಗಳವರೆಗೆ ಕಾಯಬೇಡಿ. ಬಿಪಿ ತೀರಾ ಇಳಿದರೂ, ಶುಗರ್ ಇಳಿದರೂ ಹಾಗಾಗುತ್ತದೆ. ಒಂದೆರಡು ದಿನದಲ್ಲೇ ತೋರಿಸಿ. ದಾವಣಗೆರೆ ದೂರವಾದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೇ ಹೋಗಿ, ಶುಗರ್ ಜೊತೆಗೆ ಬಿಪಿಯನ್ನು ಕೂತಾಗೊಮ್ಮೆ, ಎದ್ದು ನಿಂತಾಗೊಮ್ಮೆ ನೋಡಲು ಕೇಳಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ಇನ್ನು ನಿಮ್ಮ ಸಿಟ್ಟು. ಅದು ನ್ಯಾಯವಾದದ್ದೇ, ಆದರೆ ಪೂರ್ತಿ ಆ ಡಾಕ್ಟರ ಮೇಲೆ ಹಾಕಬೇಡಿ. 67 ದೇಶಗಳ ಲೆಕ್ಕ ಸೇರಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಬ್ಬ ರೋಗಿಗೆ ಸ್ವೀಡನ್ನಿನಲ್ಲಿ ಸಿಗುವ ಸಮಯ ಸುಮಾರು 22 ನಿಮಿಷ, ನಮ್ಮಲ್ಲಿ ಸುಮಾರು ಎರಡು. ಬಾಂಗ್ಲಾದೇಶದಲ್ಲಿ 48 ಸೆಕೆಂಡು. ಒಳಗೆ ಕೂತವರಿಗೂ ಇದು ಹಿತವಲ್ಲ. ರಾತ್ರಿ ಊಟಕ್ಕೆ ಕೂತಾಗ, ಆ ಅಜ್ಜಿ ಇನ್ನೇನೋ ಹೇಳಲು ಬಂದಿದ್ದರು, ಕೇಳಲಿಲ್ಲವಲ್ಲ ಎಂದು ಕೊರಗುವ ವೈದ್ಯರೂ ಇದ್ದಾರೆ. (ಹೊರಗೆ ಕಾಯುವಾಗ ‘ಬೇಗ ನೋಡಿ ಕಳಿಸಬಾರದೇ’ ಎಂದು ಗೊಣಗುವವರೂ ನಾವೇ, ಒಳಗೆ ಹೋದ ಮೇಲೆ ನಿಧಾನವಾಗಿ ನೋಡಲಿ ಎನ್ನುವವರೂ ನಾವೇ.)

ಸ್ವಿಟ್ಜರ್ಲೆಂಡಿನ ಆಸ್ಪತ್ರೆಯೊಂದರಲ್ಲಿ ರೋಗಿ ಮಾತು ಮುಗಿಸುವವರೆಗೂ ಬಾಯಿ ಹಾಕಬೇಡಿ ಎಂದು ವೈದ್ಯರಿಗೆ ಹೇಳಿ ನೋಡಿದರು. 2002ರಲ್ಲಿ ಪ್ರಕಟವಾದ ಆ ಲೆಕ್ಕದಂತೆ ರೋಗಿಗಳು ಸರಾಸರಿ 92 ಸೆಕೆಂಡಿನಲ್ಲಿ ತಾವಾಗಿಯೇ ಮಾತು ಮುಗಿಸಿದ್ದರು. ಅಂದರೆ ಹೇಳುವುದಕ್ಕೆ ಬೇಕಾದದ್ದು ಒಂದೂವರೆ ನಿಮಿಷ. ನಮ್ಮ ಎರಡು ನಿಮಿಷದಲ್ಲಿ ಅಷ್ಟು ಪೂರ್ತಿ ಸಿಗಲಿಕ್ಕಿಲ್ಲ. ಆದ್ದರಿಂದಲೇ ಮುಖ್ಯವಾದದ್ದು ಮೊದಲ ವಾಕ್ಯದಲ್ಲಿ ಬರಬೇಕು. ‘ಸಾರ್, ಹದಿನೈದು ದಿನದಿಂದ ಬೆಳಿಗ್ಗೆ ಏಳುವಾಗ ತಲೆ ತಿರುಗ್ತದೆ’ ಎಂದು ಅಪ್ಪನೇ ಹೇಳಲಿ, ಕುರ್ಚಿಯಲ್ಲಿ ಕೂತ ತಕ್ಷಣ.

ಇದು ಅಂದುಕೊಂಡಷ್ಟು ಸುಲಭವಲ್ಲ. ನಮ್ಮ ಹಿರಿಯರು ಡಾಕ್ಟರ ಮುಂದೆ ‘ಆರಾಮ ಇದೀನಿ ಸಾರ್’ ಅಂದುಬಿಡುತ್ತಾರೆ. ಅದು ಅವರ ಮರ್ಯಾದೆ. ಮಾತ್ರೆ ತಗೊಳ್ತೀರಾ ಎಂದರೆ ‘ಹ್ಞೂಂ’ ಅಂತಾರೆ. ಬಸ್ಸಿನಲ್ಲಿ ಮೂತ್ರಕ್ಕೆ ತೊಂದರೆಯಾಗುತ್ತದೆಂದು ಪ್ರಯಾಣದ ದಿನ ಮಾತ್ರೆಯನ್ನೇ ಬಿಟ್ಟಿರುತ್ತಾರೆ. ಆ ದಿನವೇ ಬಿಪಿ ಏರಿರುತ್ತದೆ, ಡಾಕ್ಟರು ಇನ್ನೊಂದು ಮಾತ್ರೆ ಬರೆಯುತ್ತಾರೆ. ನಿಮ್ಮ ಮನೆಯಲ್ಲೂ ಹೀಗಾಗಿದೆ ಎಂದು ನಾನು ಹೇಳುತ್ತಿಲ್ಲ, ಆದರೆ ಗದರದೆ ಒಮ್ಮೆ ಕೇಳಿ ನೋಡಿ. ಬಿಟ್ಟದ್ದು ನಿಜವಾದರೆ ಅದನ್ನೂ ಡಾಕ್ಟರಿಗೆ ಹೇಳಿ.

ಮಾತ್ರೆಗಳನ್ನೆಲ್ಲ, ಬೇರೆ ಕಡೆ ತೆಗೆದುಕೊಂಡದ್ದೂ ಸೇರಿಸಿ, ಒಂದು ಕವರಿನಲ್ಲಿ ಒಯ್ಯಿರಿ. ಏಳುವ ಮೊದಲು ‘ಈ ಹೊಸ ಮಾತ್ರೆ ಯಾಕೆ ಸಾರ್, ಹಳೆಯದನ್ನೂ ಮುಂದುವರಿಸಬೇಕಾ?’ ಎಂದು ಕೇಳಿ. ಸಂಕೋಚ ಬೇಡ, ಚಿಕಿತ್ಸೆಯ ಬಗ್ಗೆ ತಿಳಿದುಕೊಳ್ಳುವುದು ರೋಗಿಯ ಹಕ್ಕು. ಇನ್ನೂ ಮಾತಾಡುವುದಿದ್ದರೆ ಜನ ಕಡಿಮೆ ಇರುವ ಹೊತ್ತು ಯಾವುದೆಂದು ಸಿಸ್ಟರನ್ನೇ ವಿಚಾರಿಸಿ, ಅವರಿಗೆ ಅದು ಚೆನ್ನಾಗಿ ಗೊತ್ತಿರುತ್ತದೆ.

ಬದಲಿಸುವ ಮಾತಿಗೆ ಬಂದರೆ, ಸಮಯ ಕಡಿಮೆ ಎಂಬ ಒಂದೇ ಕಾರಣಕ್ಕೆ ಬೇಡ. ಹೊಸ ಡಾಕ್ಟರು ಅಪ್ಪನ ಕಾಯಿಲೆಯ ಪೂರ್ವಾಪರವನ್ನು ಅದೇ ಎರಡು ನಿಮಿಷದಲ್ಲಿ ಮೊದಲಿನಿಂದ ತಿಳಿಯಬೇಕಾಗುತ್ತದೆ. ಆದರೆ ಹೀಗೆ ನೇರವಾಗಿ ಕೇಳಿದ ಮೇಲೂ ಉತ್ತರ ಕೊಡದೆ ರೇಗಿದರೆ, ಹಳೆಯ ಚೀಟಿ, ರಿಪೋರ್ಟುಗಳನ್ನೆಲ್ಲ ತೆಗೆದುಕೊಂಡು ಧಾರಾಳವಾಗಿ ಬೇರೆಯವರ ಬಳಿ ಹೋಗಿ.