ಖಾಲಿ ಸೀಟು: ಹಳೆಯ ಡರ್ಟ್ ಬೈಕ್ ಜಾಹೀರಾತುಗಳನ್ನು ಓದೋದು ಹೇಗೆ?

ನಮ್ಮ ಸಂಘದ ಪುಸ್ತಿಕೆಯಲ್ಲಿ ಅಡುಗೆ, ಇಂಟರ್ನ್‌ಶಿಪ್, ಮೊದಲ ಹಿಮ, ಊರಿನ ನೆನಪು ಎಲ್ಲದರ ಬಗ್ಗೆಯೂ ಲೇಖನ ಬಂದಾಗಿದೆ. ನಾನು ಓದಿರೋದು ಮೆಕ್ಯಾನಿಕಲ್. ಹಾಗಾಗಿ ನನಗೆ ಗೊತ್ತಿರೋ ಒಂದು ವಿಷಯವನ್ನೇ ಪಾಠದ ಥರ ಬರೆಯುತ್ತೇನೆ. ಇದರಲ್ಲಿ ಬೈಕು ಇದೆ, ಚರಿತ್ರೆ ಇದೆ, ಕೊನೆಯಲ್ಲಿ ಒಂದು ಹೋಂವರ್ಕೂ ಇದೆ.

ಹೋದ ಅಕ್ಟೋಬರ್‌ನಲ್ಲಿ ನಮ್ಮ ಬೀದಿಯ ಒಂದು ಗ್ಯಾರೇಜ್ ಸೇಲ್‌ನಲ್ಲಿ ಹಳೆಯ ಬೈಕ್ ಮ್ಯಾಗಜೀನುಗಳ ಒಂದು ಕಟ್ಟು ಸಿಕ್ಕಿತು. ಐದು ಡಾಲರ್. 1972ರಿಂದ 1975ರವರೆಗಿನವು. ನಿಜ ಹೇಳಬೇಕಂದ್ರೆ ಆಗ ನಾನು ಒಂದು ಸೆಕೆಂಡ್ ಹ್ಯಾಂಡ್ ಡರ್ಟ್ ಬೈಕ್ ಕೊಳ್ಳೋ ಯೋಚನೆಯಲ್ಲಿದ್ದೆ. ಅರಿಜೋನಾದಲ್ಲಿದ್ದು ಮರುಭೂಮಿಯಲ್ಲಿ ಬೈಕ್ ಓಡಿಸದೆ ಹೋದರೆ ಹೇಗೆ ಅಂತ. ಬ್ಯಾಂಕಿನ ಶಿಕ್ಷಣ ಸಾಲ ಹಾಗೇ ಇದೆ ಅನ್ನೋದನ್ನು ಬೇಕಂತಲೇ ಮರೆತಿದ್ದೆ.

ಮ್ಯಾಗಜೀನ್ ಓದುತ್ತಾ ಹೋದಂತೆ ಲೇಖನಗಳಿಗಿಂತ ಜಾಹೀರಾತುಗಳೇ ನನ್ನನ್ನು ಹಿಡಿದು ಕೂರಿಸಿದವು.

ಮೊದಲು ಸ್ವಲ್ಪ ಹಿನ್ನೆಲೆ

ಡರ್ಟ್ ಬೈಕ್ ಅಂದರೆ ಟಾರು ರಸ್ತೆ ಬಿಟ್ಟು ಮಣ್ಣು, ಮರಳು, ಕಲ್ಲುಗಳ ಮೇಲೆ ಓಡಿಸಲು ಮಾಡಿದ ಹಗುರ ಬೈಕು. ಗುಬಟು ಗುಬಟಿನ ಟೈರು, ಕೆಸರು ಸಿಕ್ಕಿಕೊಳ್ಳದ ಹಾಗೆ ಚಕ್ರದಿಂದ ದೂರ ಎತ್ತಿದ ಮಡ್‌ಗಾರ್ಡು, ಉದ್ದವಾದ ಸಸ್ಪೆನ್ಷನ್. 1970ರ ದಶಕದಲ್ಲಿ ಇವುಗಳಲ್ಲಿ ಹೆಚ್ಚಿನವು ಟೂ ಸ್ಟ್ರೋಕ್. ಕಾರಣ ಸರಳ. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಕ್ರ್ಯಾಂಕ್ ಒಂದು ಸುತ್ತು ಸುತ್ತಿದರೆ ಒಂದು ಸಲ ಶಕ್ತಿ ಸಿಗುತ್ತದೆ. ಫೋರ್ ಸ್ಟ್ರೋಕ್‌ನಲ್ಲಿ ಎರಡು ಸುತ್ತಿಗೆ ಒಂದು ಸಲ. ಜೊತೆಗೆ ಕ್ಯಾಮ್‌ಶಾಫ್ಟ್, ವಾಲ್ವುಗಳ ತೂಕವೂ ಇರೋದಿಲ್ಲ. ಮಣ್ಣಿನಲ್ಲಿ ತೂಕವೇ ಶತ್ರು.

ಆದರೆ ಈ ಬೈಕುಗಳು ಅಮೆರಿಕದಲ್ಲಿ ಮನೆಮನೆಗೆ ಬರುವ ಮುಂಚೆ ಒಂದು ತೊಂದರೆ ಇತ್ತು. 1947ರಲ್ಲಿ ಕ್ಯಾಲಿಫೋರ್ನಿಯಾದ ಹಾಲಿಸ್ಟರ್ ಎಂಬ ಊರಿನಲ್ಲಿ ನಡೆದ ಬೈಕ್ ಸವಾರರ ಗಲಾಟೆ, ಆಮೇಲೆ 1953ರಲ್ಲಿ ಮಾರ್ಲನ್ ಬ್ರ್ಯಾಂಡೊ ನಟಿಸಿದ 'ದಿ ವೈಲ್ಡ್ ಒನ್' ಸಿನಿಮಾ, ಇವೆರಡೂ ಸೇರಿ ಬೈಕು ಅಂದರೆ ಪುಂಡರ ವಾಹನ ಅನ್ನೋ ಹೆಸರು ಕೊಟ್ಟಿದ್ದವು. ಹೋಂಡಾ ಕಂಪನಿ 1959ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅಂಗಡಿ ತೆರೆದಾಗ ಈ ಹೆಸರನ್ನೇ ಮೊದಲು ತೊಳೆಯಬೇಕಿತ್ತು. 1963ರಲ್ಲಿ ಬಂದ ಅದರ ಪ್ರಸಿದ್ಧ ಜಾಹೀರಾತು ಸರಣಿಯ ಮಾತಿನ ಸಾರ ಇಷ್ಟೇ: ಹೋಂಡಾ ಮೇಲೆ ನಿಮಗೆ ಸಿಗೋರು ಬಹಳ ಒಳ್ಳೆಯ ಜನ. ಚಿತ್ರದಲ್ಲಿ ತಾಯಿ, ಮಗು, ಗಂಡ ಹೆಂಡತಿ, ವಿದ್ಯಾರ್ಥಿಗಳು. ಇಂಜಿನ್ ಬಗ್ಗೆ ಹೆಚ್ಚು ಮಾತಿಲ್ಲ. ಮಾರಿದ್ದು ಬೈಕಿಗಿಂತ ಹೆಚ್ಚಾಗಿ ಮರ್ಯಾದೆಯನ್ನು.

ಮಣ್ಣಿನ ದಾರಿ ಮಾತ್ರ ಜಾಹೀರಾತಿನಿಂದ ಶುರುವಾದದ್ದಲ್ಲ. ಐಡಾಹೊ ರಾಜ್ಯದ ಬೋಯ್ಸಿಯಲ್ಲಿ ಹರ್ಬ್ ಊಲ್ ಎಂಬ ಡೀಲರ್ ಒಬ್ಬರು 50 ಸಿಸಿಯ ಪುಟ್ಟ ಹೋಂಡಾಗೆ ಹಿಂದೆ ದೊಡ್ಡ ಸ್ಪ್ರಾಕೆಟ್, ಗುಬಟು ಟೈರು ಹಾಕಿ ಗುಡ್ಡ ಹತ್ತಿಸುತ್ತಿದ್ದರು. ಹಿಂದಿನ ಸ್ಪ್ರಾಕೆಟ್ಟಿನ ಹಲ್ಲು ಹೆಚ್ಚಾದಷ್ಟೂ ವೇಗ ಕಡಿಮೆ, ಎಳೆಯುವ ಬಲ ಜಾಸ್ತಿ. ನಮ್ಮ ಮೂರನೇ ಸೆಮಿಸ್ಟರಿನ ಲೆಕ್ಕವೇ. ಅದನ್ನು ನೋಡಿ ಕಂಪನಿಯೇ ಟ್ರೇಲ್ 50 ಎಂಬ ಬೈಕು ಮಾಡಿತು. 1968ರಲ್ಲಿ ಯಮಾಹಾದ 246 ಸಿಸಿಯ ಡಿಟಿ-1 ಬಂತು. ವಾರವೆಲ್ಲಾ ರಸ್ತೆಯಲ್ಲಿ, ಭಾನುವಾರ ಕಾಡಿನಲ್ಲಿ ಓಡಿಸಬಹುದಾದ ಬೈಕು. 1971ರಲ್ಲಿ ಬ್ರೂಸ್ ಬ್ರೌನ್ ಮಾಡಿದ 'ಆನ್ ಎನಿ ಸಂಡೇ' ಎಂಬ ಸಾಕ್ಷ್ಯಚಿತ್ರದಲ್ಲಿ ನಟ ಸ್ಟೀವ್ ಮ್ಯಾಕ್ವೀನ್ ಸ್ವತಃ ಧೂಳೆಬ್ಬಿಸಿಕೊಂಡು ಓಡಿಸಿದ. ಅದು ಜಾಹೀರಾತಲ್ಲ, ಆದರೆ ಅದಕ್ಕಿಂತ ದೊಡ್ಡ ಜಾಹೀರಾತು ಇನ್ನೊಂದು ಬೇಕಿರಲಿಲ್ಲ. 1973ರ ಮಾಡೆಲ್ಲಾಗಿ ಹೋಂಡಾದ ಎಲ್ಸಿನೋರ್ 250 ಬಂತು.

ಓದುವ ನಾಲ್ಕು ಹೆಜ್ಜೆ

ಇಂಥ ಪುಟವೊಂದನ್ನು ಕೈಗೆತ್ತಿಕೊಂಡರೆ ನಾನು ಈಗ ನಾಲ್ಕು ಪ್ರಶ್ನೆ ಕೇಳುತ್ತೇನೆ.

ಒಂದು, ಹೆಸರು ಏನು ಹೇಳುತ್ತೆ? ಎಲ್ಸಿನೋರ್ ಅನ್ನೋದು ಕ್ಯಾಲಿಫೋರ್ನಿಯಾದ ಲೇಕ್ ಎಲ್ಸಿನೋರ್ ಊರಿನ ರೇಸಿನಿಂದ ಬಂದ ಹೆಸರು. ಜಪಾನಿನಲ್ಲಿ ತಯಾರಾದ ಬೈಕಿಗೆ ಅಮೆರಿಕದ ಹುಡುಗರಿಗೆ ಪರಿಚಯವಿದ್ದ ಊರಿನ ಹೆಸರು! ಇನ್ನೊಂದು ಕಡೆ ಆರೆಗಾನ್ ರಾಜ್ಯದ ಅಥೀನಾ ಎಂಬ ಸಣ್ಣ ಊರಿನ ಜನ ಜಪಾನಿನಿಂದ ತರಿಸಿ ಮಾರುತ್ತಿದ್ದ ಹೊಡಾಕಾ ಬೈಕುಗಳ ಹೆಸರು ನೋಡಿ: ಸೂಪರ್ ರ್‍ಯಾಟ್, ಕಾಂಬ್ಯಾಟ್ ವೊಂಬ್ಯಾಟ್, ಡರ್ಟ್ ಸ್ಕ್ವರ್ಟ್, ರೋಡ್ ಟೋಡ್. ಇಲಿ, ಕಪ್ಪೆ ಎಲ್ಲಾ ಇವೆ. ದೊಡ್ಡ ಕಂಪನಿಗಳು ಗೆಲುವನ್ನು ಮಾರುವಾಗ ಇವರು ನಗುವನ್ನು ಮಾರಿದರು. ಹೊಡಾಕಾ 1978ರಲ್ಲಿ ನಿಂತುಹೋಯಿತು. ಆದರೂ ಆ ಬೈಕುಗಳ ಅಭಿಮಾನಿಗಳು ಆಮೇಲೂ ಅಥೀನಾದಲ್ಲಿ ಸೇರುತ್ತಾ ಬಂದಿದ್ದಾರೆ.

ಎರಡು, ಅಂಕಿ ಏನು ಹೇಳುತ್ತೆ? ಆ ಕಾಲದ ಜಾಹೀರಾತುಗಳಲ್ಲಿ 'ಡ್ರೈ ವೇಟ್' ಅನ್ನೋ ಮಾತು ಪದೇಪದೇ ಬರುತ್ತದೆ. ಅಂದರೆ ಪೆಟ್ರೋಲು, ಆಯಿಲು ಹಾಕದೆ ತೂಗಿದ ತೂಕ. ಒಂದು ಲೀಟರ್ ಪೆಟ್ರೋಲ್ ಸುಮಾರು ಮುಕ್ಕಾಲು ಕಿಲೋ. ಏಳು ಲೀಟರ್ ಟ್ಯಾಂಕ್ ತುಂಬಿಸಿದರೆ ಐದು ಕಿಲೋಗಿಂತ ಸ್ವಲ್ಪ ಹೆಚ್ಚು. ಸುಳ್ಳಲ್ಲ, ಆದರೆ ಪೆಟ್ರೋಲಿಲ್ಲದ ಬೈಕನ್ನು ಯಾರೂ ಓಡಿಸೋದಿಲ್ಲ. 1975ರ ಯಮಾಹಾ ಮೋಟೋಕ್ರಾಸ್ ಬೈಕಿನಲ್ಲಿ ಹಿಂದೆ ಎರಡು ಶಾಕ್ ಅಬ್ಸಾರ್ಬರ್ ಬದಲು ಒಂದೇ ಒಂದು ಬಂತು. ಅದರ ಮೂಲ ಕಲ್ಪನೆ ಬೆಲ್ಜಿಯಂನ ಇಂಜಿನಿಯರ್ ಲೂಸಿಯೆನ್ ಟಿಲ್ಕೆನ್ಸ್ ಅವರದು. ಇಂಥ ಕಡೆ ಅಂಕಿಯ ಹಿಂದೆ ನಿಜವಾದ ಕೆಲಸ ಇರುತ್ತದೆ. ಎರಡನ್ನೂ ಬೇರೆ ಮಾಡಿ ನೋಡೋದೇ ಅಭ್ಯಾಸ.

ಮೂರು, ಚಿತ್ರದಲ್ಲಿ ಏನಿಲ್ಲ? ಬೇಲಿ ಇಲ್ಲ, ಅಕ್ಕಪಕ್ಕದ ಮನೆಯವರಿಲ್ಲ, ಶಬ್ದ ಇಲ್ಲ, ಹೊಗೆ ಇಲ್ಲ. ಮರುಭೂಮಿ ಯಾರದ್ದೂ ಅಲ್ಲ ಅನ್ನೋ ಥರ ಖಾಲಿಯಾಗಿ ಬಿದ್ದಿರುತ್ತೆ. ಆದರೆ 1972ರಲ್ಲೇ ಅಧ್ಯಕ್ಷ ನಿಕ್ಸನ್ ಸರ್ಕಾರಿ ಭೂಮಿಯಲ್ಲಿ ಇಂಥ ವಾಹನಗಳಿಗೆ ಲಗಾಮು ಹಾಕುವ ಆದೇಶ ಹೊರಡಿಸಿದ್ದರು. ಬಾರ್‌ಸ್ಟೋದಿಂದ ಲಾಸ್ ವೇಗಸ್‌ವರೆಗೆ ಮರುಭೂಮಿಯಲ್ಲಿ ನಡೆಯುತ್ತಿದ್ದ ದೊಡ್ಡ ರೇಸಿಗೆ 1974ರ ನಂತರ ಹಲವು ವರ್ಷ ಅನುಮತಿ ಸಿಗಲಿಲ್ಲ. ಸಾವಿರಾರು ಚಕ್ರ ಹಾದುಹೋದ ಮರುಭೂಮಿಯ ಮೇಲ್ಮಣ್ಣು ಮತ್ತೆ ಕೂಡಿಕೊಳ್ಳಲು ದಶಕಗಳೇ ಬೇಕು. ಅದು ಯಾವ ಬಣ್ಣದ ಪುಟದಲ್ಲೂ ಇಲ್ಲ.

ನಾಲ್ಕು, ನೋಡಿದವರು ಏನು ಸೇರಿಸಿಕೊಂಡರು? ಇದು ನಾನು ಪುಸ್ತಕದಿಂದ ಕಲಿತದ್ದಲ್ಲ. ನಮ್ಮ ಮನೆ ಓನರ್‌ರಿಂದ ಕಲಿತದ್ದು.

ಓನರ್ ಹೇಳಿದ ಹಳದಿ ಹೆಲ್ಮೆಟ್

ಅವರಿಗೆ ಅರವತ್ತು ದಾಟಿದೆ. ಬಾಡಿಗೆ ಕೊಡಲು ಹೋದಾಗ ಮ್ಯಾಗಜೀನ್ ಕಟ್ಟು ತೋರಿಸಿದೆ. ಒಂದು ಜಾಹೀರಾತಿನ ಹೆಸರು ಹೇಳಿ, "ಅದು ಇದೆಯಾ ನೋಡು, ನಮ್ಮಣ್ಣ ಅದನ್ನು ಮಂಚದ ಮೇಲಿನ ಗೋಡೆಗೆ ಅಂಟಿಸಿದ್ದ" ಅಂದರು. ಯಾವ ಕಂಪನಿಯದು ಅನ್ನೋದು ಇಲ್ಲಿ ಬೇಡ. ಹುಡುಕುವಾಗಲೇ ವಿವರಿಸಿದರು: ಗುಡ್ಡದ ತುದಿ, ಸಂಜೆ ಬಿಸಿಲು, ಹಳದಿ ಹೆಲ್ಮೆಟ್ ಹಾಕಿದ ಒಬ್ಬ ಹುಡುಗ ಬೈಕಿನ ಮೇಲೆ ನಿಂತಿದ್ದಾನೆ.

ಪುಟ ಸಿಕ್ಕಿತು. ಗುಡ್ಡ ಇತ್ತು. ಬಿಸಿಲೂ ಇತ್ತು. ಬೈಕು ಸ್ಟ್ಯಾಂಡ್ ಹಾಕಿ ನಿಲ್ಲಿಸಿತ್ತು. ಮೇಲೆ ಯಾರೂ ಇರಲಿಲ್ಲ.

ಅವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಬೇರೆ ತಿಂಗಳಿನದಿರಬೇಕು ಅಂದರು. ಬೇರೆ ಮೂರು ಸಂಚಿಕೆಯಲ್ಲೂ ಅದೇ ಪುಟ. ಸ್ವಲ್ಪ ಹೊತ್ತಾದ ಮೇಲೆ ನಿಧಾನವಾಗಿ ಹೇಳಿದರು. ಹಳದಿ ಹೆಲ್ಮೆಟ್ ಇದ್ದದ್ದು ಅಣ್ಣನದು. ಹದಿನೈದನೇ ವರ್ಷಕ್ಕೆ ಅಪ್ಪ ಆ ಬೈಕು ಕೊಡಿಸಿದರು. ಹದಿನಾರಕ್ಕೆ ಒಂದು ಒಣಗಿದ ಹಳ್ಳ ದಾಟುವಾಗ ಬಿದ್ದ. ಅವತ್ತು ಹೆಲ್ಮೆಟ್ ಹಾಕಿರಲಿಲ್ಲ. ಆಮೇಲೆ ಅಣ್ಣ ಮೂವತ್ತು ವರ್ಷ ಬದುಕಿದ್ದ, ಆದರೆ ಸರಿಯಾಗಿ ನಡೆಯಲಿಲ್ಲ.

"ಇಷ್ಟು ವರ್ಷ ಅವನು ಆ ಚಿತ್ರದಲ್ಲೇ ಇದ್ದಾನೆ ಅಂದ್ಕೊಂಡಿದ್ದೆ" ಅಂದರು. ನಾನು ಆ ಪುಟ ಕಿತ್ತು ಅವರಿಗೇ ಕೊಟ್ಟೆ.

ಆಗ ನನಗೆ ಹೊಳೆದದ್ದು ಇಷ್ಟು. ಬೈಕಿನ ಜಾಹೀರಾತಿನಲ್ಲಿ ಸೀಟು ಖಾಲಿ ಬಿಡೋದು ಮರೆವಿನಿಂದಲ್ಲ. ನೋಡುವವನು ತಾನೇ ಹತ್ತಿ ಕೂರಲಿ ಅಂತ. ಹತ್ತಿ ಕೂತವನು ಐವತ್ತು ವರ್ಷವಾದರೂ ಇಳಿಯೋದಿಲ್ಲ. ಹಳೆಯ ಜಾಹೀರಾತು ನೋಡಿ ಕಣ್ಣು ತೇವ ಮಾಡಿಕೊಳ್ಳುವವರು ಅಳೋದು ಬೈಕಿಗಲ್ಲ.

ನಮ್ಮನೆಯ ಯೆಜ್ಡಿ

ಆ ಭಾನುವಾರ ಅಪ್ಪನಿಗೆ ಫೋನ್ ಮಾಡಿದೆ. ನಮ್ಮದು ಹುಣಸೂರು ಕಡೆ. ಅಜ್ಜನ ಹತ್ತಿರ ಯೆಜ್ಡಿ ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜೆಕ್ ದೇಶದ ಜಾವಾ ಕಂಪನಿಯ ಲೈಸೆನ್ಸಿನಲ್ಲಿ ಬೈಕು ತಯಾರಾಗುತ್ತಿದ್ದದ್ದು, ಆಮೇಲೆ ಅದಕ್ಕೆ ಯೆಜ್ಡಿ ಅಂತ ಹೆಸರಾದದ್ದು, 1996ರಲ್ಲಿ ಕಾರ್ಖಾನೆ ಮುಚ್ಚಿದ್ದು ನಿಮಗೆಲ್ಲ ಗೊತ್ತಿರುತ್ತೆ. ಗೊತ್ತಿಲ್ಲದ ಒಂದು ಸಂಗತಿ ಹೇಳ್ತೀನಿ. ಜಾವಾದ ಸೋದರ ಕಂಪನಿಯಂತಿದ್ದ ಚೆಜೆಡ್‌ನ ಟೂ ಸ್ಟ್ರೋಕ್ ಬೈಕಿನಲ್ಲಿ ಬೆಲ್ಜಿಯಂನ ಜೋಯೆಲ್ ರೋಬೆರ್ 1964ರಲ್ಲಿ 250 ಸಿಸಿ ಮೋಟೋಕ್ರಾಸ್ ವಿಶ್ವ ಚಾಂಪಿಯನ್ ಆದ. ನಮ್ಮೂರಿನಲ್ಲಿ ಹಾಲಿನ ಕ್ಯಾನು ಹೊತ್ತ ಬೈಕಿನ ನೆಂಟರೇ ಅತ್ತ ಮಣ್ಣಿನ ಗುಡ್ಡ ಹಾರುತ್ತಿದ್ದರು ಅಂದಹಾಗಾಯ್ತು.

ಅಜ್ಜ ಯಾಕೆ ಯೆಜ್ಡಿನೇ ತಗೊಂಡ್ರು ಅಂತ ಕೇಳಿದೆ. ಅಪ್ಪ ತಕ್ಷಣ ಹೇಳಿದರು: "ಪೇಪರ್‌ನಲ್ಲಿ ಜಾಹೀರಾತು ಬಂದಿತ್ತು ಕಣೋ. ನಾನೇ ತೋರಿಸ್ದೆ. ಮಾರನೇ ವಾರ ಮೈಸೂರಿಗೆ ಹೋಗಿ ತಂದ್ರು."

ಹಿಂದಿನಿಂದ ಅಜ್ಜಿ ದನಿ ಬಂತು. "ಯಾವ ಜಾಹೀರಾತೋ, ಯಾವ ಪೇಪರೋ. ನನ್ನ ಎರಡೆಳೆ ಅವಲಕ್ಕಿ ಸರ ಅಡ ಇಟ್ಟು ತಂದದ್ದು. ಬಿಡಿಸ್ಕೊಳ್ಳಕ್ಕೆ ಏಳು ವರ್ಷ ಆಯ್ತು."

ಅಪ್ಪ ಸುಮ್ಮನಾದರು. ಅವರಿಗೆ ಇದು ಗೊತ್ತೇ ಇರಲಿಲ್ಲ. ನಲವತ್ತೈದು ವರ್ಷ ಅವರ ನೆನಪಿನಲ್ಲಿ ಒಂದು ಹೊಳೆಯುವ ಪುಟ ಇತ್ತು. ಅಜ್ಜಿ ನೆನಪಿನಲ್ಲಿ ಖಾಲಿ ಕೊರಳು. ಕಿಕ್ ಹೊಡೆದ ಲಿವರ್ರನ್ನೇ ಮಡಿಸಿ ಗೇರ್ ಹಾಕುವ ಆ ಬೈಕಿನ ವಿಚಿತ್ರದ ಬಗ್ಗೆ ನಾನು ಎಷ್ಟು ಸಲ ಫ್ರೆಂಡ್ಸ್ ಹತ್ತಿರ ಕೊಚ್ಚಿಕೊಂಡಿದ್ದೇನೋ. ಸರದ ವಿಷಯ ಒಂದು ದಿನವೂ ಕೇಳಿರಲಿಲ್ಲ.

"ಕೊಟ್ಟಿದ್ದಕ್ಕೆ ಬೇಜಾರಾಯ್ತಾ ಅಜ್ಜಿ?" ಅಂದೆ.

"ಬೇಜಾರು ಯಾಕೆ? ನಿಮ್ಮಪ್ಪನಿಗೆ ಜ್ವರ ಬಂದಾಗ ರಾತ್ರೋರಾತ್ರಿ ಮೈಸೂರಿಗೆ ಅದರಲ್ಲೇ ಕರ್ಕೊಂಡು ಹೋದದ್ದು. ಆದ್ರೆ ಕೇಳ್ಬೇಕಿತ್ತು. ಕೇಳ್ದೆ ಪೆಟ್ಟಿಗೆ ತೆಗೆದ್ರು."

ಅಜ್ಜಿಯ ಈ ಮಾತನ್ನು ನನ್ನ ನಾಲ್ಕು ಪ್ರಶ್ನೆಗಳ ಜೊತೆ ಐದನೆಯದಾಗಿ ಸೇರಿಸಿದ್ದೇನೆ: ಇದರ ದುಡ್ಡು ಯಾರ ಪೆಟ್ಟಿಗೆಯಿಂದ ಬರುತ್ತೆ, ಅವರನ್ನು ಕೇಳಿದ್ದೀವಾ?

ನಾನು ಆ ಸೆಕೆಂಡ್ ಹ್ಯಾಂಡ್ ಬೈಕು ತಗೊಳ್ಳಲಿಲ್ಲ. ಬೈಕು ಕೆಟ್ಟದ್ದು ಅಂತಲ್ಲ. ನನ್ನ ಶಿಕ್ಷಣ ಸಾಲಕ್ಕೆ ಸಹಿ ಹಾಕಿರೋದು ಅಪ್ಪ. ಸಾಲ ತೀರಿದ ಮೇಲೆ ಕೇಳಿಯೇ ತಗೋತೀನಿ, ಹೆಲ್ಮೆಟ್ಟನ್ನು ಮೊದಲು ತಗೋತೀನಿ.

ಹೋಂವರ್ಕು

ಮುಂದಿನ ಸಲ ಸಂಘದ ಸಭೆಗೆ ಬರುವಾಗ ನಿಮ್ಮ ಮನೆಗೆ ಬಂದ ಮೊದಲ ವಾಹನದ ಕಥೆ ತನ್ನಿ. ಸೈಕಲ್ಲಾದರೂ ಸರಿ, ಲೂನಾ ಆದರೂ ಸರಿ, ಟ್ರ್ಯಾಕ್ಟರಾದರೂ ಸರಿ. ಮನೆಯಲ್ಲಿ ಕನಿಷ್ಠ ಇಬ್ಬರನ್ನು ಕೇಳಿ, ಬೇರೆಬೇರೆಯಾಗಿ ಕೇಳಿ. ಇಬ್ಬರೂ ಒಂದೇ ಕಥೆ ಹೇಳಿದರೆ ಮೂರನೆಯವರನ್ನು ಕೇಳಿ. ಸಾಮಾನ್ಯವಾಗಿ ಆ ಮೂರನೆಯವರು ಅಡುಗೆಮನೆಯಲ್ಲಿರುತ್ತಾರೆ. ನಾವು ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳಿ ಇಟ್ಟುಬಿಡೋದು ಅವರ ಹತ್ತಿರವೇ.