ದಾರಿ ಬಲ್ಲವರು, ಹೊಣೆ ಹೊತ್ತವರು



ನೀವೊಂದು ಹಡಗಿನ ಕಪ್ತಾನರೆಂದು ಭಾವಿಸಿರಿ. ಸಾಗರಗಳನ್ನು ದಾಟಿ ಸ್ವೀಡನ್ ದೇಶದ ಸ್ಟಾಕ್‌ಹೋಮ್ ಬಂದರಿನತ್ತ ಹೊರಟಿದ್ದೀರಿ. ಎದುರಿಗೆ ಸುಮಾರು 30,000 ದ್ವೀಪಗಳು, ಬಂಡೆಗಳು. ನಡುವೆ ಕಿರಿದಾದ ಜಲಮಾರ್ಗ. ಆಗ ಚಿಕ್ಕ ದೋಣಿಯೊಂದು ಪಕ್ಕಕ್ಕೆ ಬರುತ್ತದೆ. ಪೈಲಟರು ಹಗ್ಗದ ಏಣಿ ಹಿಡಿದು ಹಡಗನ್ನೇರುತ್ತಾರೆ. ಅಲ್ಲಿನ ತಿರುವುಗಳನ್ನು ಬಲ್ಲ ಅವರು ದಾರಿ ಹೇಳುತ್ತಾರೆ. ಆದರೂ ಹಡಗಿನ ಹೊಣೆ ಕಪ್ತಾನರದ್ದೇ. ಪೈಲಟರ ಮಾತು ತಪ್ಪೆನಿಸಿದರೆ ಪ್ರಶ್ನಿಸಲೇಬೇಕು. ಸಂಕೋಚಪಟ್ಟು ಸುಮ್ಮನಿದ್ದರೆ ಬಂಡೆ ಕನಿಕರಿಸದು.

ಹೀಗೆ ಬಾಯಿಬಿಟ್ಟು ಕೇಳುವುದಕ್ಕೆ ಸ್ವೀಡನ್ನಿನ ದಿನನಿತ್ಯದ ಬದುಕೂ ಇಂಬು ಕೊಡುತ್ತದೆ. 1960ರ ದಶಕದ ಕೊನೆಯಿಂದ ಅಲ್ಲಿ ಮೇಲಧಿಕಾರಿಯನ್ನೂ ‘ದು’, ಅಂದರೆ ‘ನೀನು’ ಎಂದೇ ಕರೆಯುವ ರೂಢಿ ಬೆಳೆಯಿತು. ಕೆಲಸದ ನಡುವೆ ‘ಫೀಕಾ’ ಎಂಬ ಕಾಫಿ ವಿರಾಮವಿದೆ. ದಾಲ್ಚಿನ್ನಿ ಬನ್ನು ತಿನ್ನುತ್ತಾ ಹಿರಿಯರು, ಕಿರಿಯರು ಒಟ್ಟಿಗೆ ಮಾತನಾಡುತ್ತಾರೆ.

ನಮ್ಮಲ್ಲಿ ಹಿರಿಯರಿಗೆ ಬಹುವಚನವೇ ಚೆಂದ, ಅದನ್ನು ಬಿಡಬೇಕಿಲ್ಲ. ಆದರೆ ಗೌರವವು ಬಾಯಿ ಕಟ್ಟಬಾರದು. ಮಗಳ ಮದುವೆ, ಮಗನ ಓದು, ಮನೆಯ ಸಾಲ ಇವೂ ಕಿರಿದಾದ ದಾರಿಗಳೇ. ಬಲ್ಲವರನ್ನು ಕರೆಯುವುದು ಅವಮಾನವಲ್ಲ. ಅವರ ಮೇಲೆ ಹೊಣೆ ಹೊರಿಸಿ ಕೈತೊಳೆದುಕೊಳ್ಳುವುದು ತರವೂ ಅಲ್ಲ.

ಮನೆಯಲ್ಲಿ ಕೂಡಿ ಯೋಚಿಸಿರಿ: “ಅಪ್ಪಾ, ಮುಂದೆ ಬಂಡೆಯಿದೆ” ಎಂದು ನಿಮ್ಮ ಮಕ್ಕಳು ಅಂಜದೆ ಹೇಳಬಲ್ಲರೇ?