ಹಲ್ಲುಗಳು ನುಡಿದ ಚರಿತ್ರೆ

‘ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ’ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ವಿರಳ. ವಯಸ್ಸಾದಂತೆ ಮನುಷ್ಯನನ್ನು ಮೊದಲು ಬಿಟ್ಟುಹೋಗುವ ಅವಯವಗಳಲ್ಲಿ ಹಲ್ಲೂ ಒಂದು. ಆದರೆ ಮನುಷ್ಯನು ತೀರಿಕೊಂಡ ಬಳಿಕ ಈ ಮಾತು ತಲೆಕೆಳಗಾಗುತ್ತದೆ. ಮಣ್ಣು ಸೇರಿದ ದೇಹದಲ್ಲಿ ಚರ್ಮ, ಮಾಂಸ, ಕೂದಲುಗಳು ಬೇಗನೆ ಅಳಿಯುತ್ತವೆ. ಕಾಲಕ್ರಮದಲ್ಲಿ ಮೂಳೆಗಳೂ ಪುಡಿಯಾಗುತ್ತವೆ. ಹಲ್ಲು ಮಾತ್ರ ಸಾವಿರಾರು, ಕೆಲವೊಮ್ಮೆ ಲಕ್ಷಾಂತರ ವರ್ಷಗಳವರೆಗೆ ಕೆಡದೆ ಉಳಿಯುತ್ತದೆ. ಬದುಕಿದ್ದಾಗ ಕೈಬಿಟ್ಟ ಹಲ್ಲೇ ಸತ್ತ ಮೇಲೆ ಅವನ ಪರವಾಗಿ ಸಾಕ್ಷಿ ನುಡಿಯುತ್ತದೆ.

ಸಾಕ್ಷಿಯ ಅಗತ್ಯವೇನು ಎಂದು ನೀವು ಕೇಳಬಹುದು. ಅರಸರು ಶಾಸನಗಳನ್ನು ಕೆತ್ತಿಸಿದರು, ತಾಮ್ರಪಟಗಳನ್ನು ಬರೆಯಿಸಿದರು, ನಾಣ್ಯಗಳನ್ನು ಟಂಕಿಸಿದರು. ಅವುಗಳ ನೆರವಿನಿಂದ ಅವರ ಹೆಸರುಗಳನ್ನೂ ಯುದ್ಧಗಳನ್ನೂ ನಾವು ತಿಳಿಯುತ್ತೇವೆ. ಆದರೆ ಬರವಣಿಗೆ ಹುಟ್ಟಿದುದು ಸುಮಾರು ಐದು ಸಾವಿರ ವರ್ಷಗಳಿಂದ ಈಚೆಗೆ. ಅದಕ್ಕೆ ಮುಂಚೆ ಲಕ್ಷಾಂತರ ವರ್ಷಗಳ ಕಾಲ ಮಾನವರು ಬಾಳಿದರು. ಬೇಟೆಯಾಡಿದರು, ಮಕ್ಕಳನ್ನು ಸಾಕಿದರು, ಕಾಯಿಲೆ ಬಿದ್ದರು, ನೋವುಂಡರು. ಅವರು ಒಂದಕ್ಷರವನ್ನೂ ಬರೆದಿಡಲಿಲ್ಲ. ಅವರ ದಿನನಿತ್ಯದ ಬದುಕನ್ನು ಅರಿಯಬೇಕಾದರೆ ಅವರು ಬಿಟ್ಟುಹೋದ ಕಲ್ಲಿನ ಉಪಕರಣಗಳನ್ನೂ ಬೂದಿಯನ್ನೂ ಎಲುಬುಗಳನ್ನೂ ಪರೀಕ್ಷಿಸಬೇಕು. ಇವೆಲ್ಲವುಗಳಲ್ಲಿ ಅತ್ಯಂತ ನಂಬಲರ್ಹವಾದ ದಾಖಲೆಗಳಲ್ಲಿ ಹಲ್ಲು ಒಂದು.

ಹಲ್ಲಿನ ಹೊರಮೈಯನ್ನು ಆವರಿಸಿರುವ ಬಿಳಿಯ ಹೊಳಪಿನ ಪದರಕ್ಕೆ ದಂತಕವಚ ಅಥವಾ ಎನಾಮೆಲ್ ಎಂದು ಹೆಸರು. ಮಾನವಶರೀರದಲ್ಲಿ ಇದಕ್ಕಿಂತ ಗಟ್ಟಿಯಾದ ವಸ್ತು ಬೇರೊಂದಿಲ್ಲ. ಅದರ ತೂಕದಲ್ಲಿ ನೂರಕ್ಕೆ ಸುಮಾರು 96 ಭಾಗ ಖನಿಜಾಂಶವೇ ಇರುತ್ತದೆ. ಅದು ಮಣ್ಣಿನಲ್ಲಿ ಉಳಿಯುವುದಕ್ಕೆ ಇದೇ ಕಾರಣ. ದಂತಕವಚಕ್ಕೆ ಇನ್ನೊಂದು ವಿಶೇಷ ಗುಣವಿದೆ. ನಮ್ಮ ಮೂಳೆಗಳು ಜೀವಮಾನವಿಡೀ ಸವೆಯುತ್ತ, ಹೊಸದಾಗಿ ಕಟ್ಟಿಕೊಳ್ಳುತ್ತ ಇರುತ್ತವೆ. ದಂತಕವಚವಾದರೋ ಬಾಲ್ಯದಲ್ಲಿ ಒಮ್ಮೆ ನಿರ್ಮಾಣವಾದರೆ ಮುಗಿಯಿತು. ಮತ್ತೆ ಬೆಳೆಯದು, ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳದು. ಆದುದರಿಂದ ಬಾಲ್ಯದಲ್ಲಿ ಅದರೊಳಗೆ ಸೇರಿಕೊಂಡುದು ಹಾಗೆಯೇ ಉಳಿಯುತ್ತದೆ. ಆಮೇಲೆ ಅದರ ಮೇಲೆ ಬಿದ್ದ ಗೀರುಗಳೂ ಮಾಯುವುದಿಲ್ಲ. ಹೀಗೆ ಒಂದೇ ಹಲ್ಲಿನ ಒಳಗೆ ಬಾಲ್ಯದ ವೃತ್ತಾಂತವೂ ಹೊರಗೆ ಪ್ರಾಯದ ವೃತ್ತಾಂತವೂ ಬರೆಯಲ್ಪಟ್ಟಿರುತ್ತವೆ.

ಮೊದಲು ಹೊರಮೈಯನ್ನು ನೋಡೋಣ. ಬೀಸುವ ಕಲ್ಲಿನಲ್ಲಿ ಧಾನ್ಯವನ್ನು ಬೀಸಿದಾಗ ಹಿಟ್ಟಿನೊಡನೆ ಕಲ್ಲಿನ ಸಣ್ಣ ಕಣಗಳೂ ಸೇರುತ್ತವೆ. ಅಂತಹ ಹಿಟ್ಟನ್ನು ನಿತ್ಯವೂ ತಿಂದವರ ದವಡೆಹಲ್ಲುಗಳು ಚಪ್ಪಟೆಯಾಗಿ ಸವೆಯುತ್ತವೆ. ಗಟ್ಟಿಯಾದ ಕಾಯಿ, ಬೀಜಗಳನ್ನು ಕಡಿದವರ ಹಲ್ಲಿನ ಮೇಲೆ ಸಣ್ಣ ಗುಳಿಗಳು ಬೀಳುತ್ತವೆ. ಇವನ್ನು ಸೂಕ್ಷ್ಮದರ್ಶಕದ ನೆರವಿನಿಂದ ಗುರುತಿಸಬಹುದು. ಯುರೋಪಿನ ಕ್ರೊಯೇಷಿಯಾ ದೇಶದಲ್ಲಿ ಕ್ರಾಪಿನಾ ಎಂಬ ಸ್ಥಳವಿದೆ. ಅಲ್ಲಿ 1899ರಿಂದ 1905ರವರೆಗೆ ನಡೆದ ಉತ್ಖನನದಲ್ಲಿ ಸುಮಾರು 1,30,000 ವರ್ಷಗಳ ಹಿಂದಿನ ನಿಯಾಂಡರ್ತಾಲ್ ಮಾನವರ ಅವಶೇಷಗಳು ದೊರೆತವು. ಅವರ ಬಾಚಿಹಲ್ಲುಗಳ ಮುಂಭಾಗದಲ್ಲಿ ಓರೆಯಾದ ಗೀರುಗಳಿವೆ. ಮಾಂಸವನ್ನೋ ತೊಗಲನ್ನೋ ಹಲ್ಲಿನಲ್ಲಿ ಕಚ್ಚಿ, ಒಂದು ಕೈಯಿಂದ ಜಗ್ಗಿ ಹಿಡಿದು, ಇನ್ನೊಂದು ಕೈಯಲ್ಲಿದ್ದ ಕಲ್ಲಿನ ಅಲಗಿನಿಂದ ಕೊಯ್ಯುವಾಗ ಆ ಅಲಗು ಹಲ್ಲಿಗೆ ತಗುಲಿ ಆದ ಗೀರುಗಳಿವು. ಅವುಗಳ ಓರೆ ಯಾವ ಕಡೆಗಿದೆಯೆಂಬುದನ್ನು ನೋಡಿ, ಅವರಲ್ಲಿ ಬಹುಮಂದಿ ಬಲಗೈಯವರೆಂದು ವಿಜ್ಞಾನಿಗಳು ನಿರ್ಣಯಿಸಿದ್ದಾರೆ. ಅದೇ ಸ್ಥಳದ ಕೆಲವು ಹಲ್ಲುಗಳ ಸಂದಿಯಲ್ಲಿ ಕಡ್ಡಿಯಿಂದ ತಿಕ್ಕಿದ ಗುರುತುಗಳೂ ಇವೆ. ಊಟವಾದ ಮೇಲೆ ಹಲ್ಲಿನ ಸಂದಿಯನ್ನು ಕೆದಕುವ ಅಭ್ಯಾಸ ಎಷ್ಟು ಹಳೆಯದು ನೋಡಿ!

ಹಲ್ಲನ್ನು ಸರಿಯಾಗಿ ಉಜ್ಜದಿದ್ದರೆ ಬುಡದಲ್ಲಿ ಗಟ್ಟಿಯಾದ ಕಿಟ್ಟ ಕಟ್ಟುತ್ತದೆ. ದಂತವೈದ್ಯರು ಅದನ್ನು ಕೆರೆದು ಬಿಸಾಡುತ್ತಾರೆ. ಪ್ರಾಕ್ತನ ವಿಜ್ಞಾನಿಗಳಿಗೆ ಅದು ಬಂಗಾರಕ್ಕಿಂತಲೂ ಮಿಗಿಲು. ಏಕೆಂದರೆ ತಿಂದ ಆಹಾರದ ಪಿಷ್ಟದ ಕಣಗಳೂ, ಉಸಿರಿನೊಡನೆ ಹೊಕ್ಕ ಹೊಗೆಯ ಅಂಶಗಳೂ, ಬಾಯಿಯಲ್ಲಿ ವಾಸಿಸಿದ ಸೂಕ್ಷ್ಮಜೀವಿಗಳ ಅವಶೇಷಗಳೂ ಅದರಲ್ಲಿ ಸಿಕ್ಕಿ ಕಲ್ಲಾಗಿಬಿಡುತ್ತವೆ. ಸ್ಪೇನ್ ದೇಶದ ಎಲ್ ಸಿಡ್ರೋನ್ ಎಂಬ ಗುಹೆಯಲ್ಲಿ ಸುಮಾರು 49,000 ವರ್ಷಗಳ ಹಿಂದೆ ಬದುಕಿದ್ದ ನಿಯಾಂಡರ್ತಾಲರ ಹಲ್ಲಿನ ಕಿಟ್ಟವನ್ನು ಪರೀಕ್ಷಿಸಿದಾಗ, ಬೇಯಿಸಿದ ಸಸ್ಯಾಹಾರದ ಕುರುಹುಗಳು ಸಿಕ್ಕಿದವು. ನಿಯಾಂಡರ್ತಾಲರು ಬರಿಯ ಮಾಂಸಾಹಾರಿಗಳೆಂಬ ಹಳೆಯ ಅಭಿಪ್ರಾಯ ಇದರಿಂದ ಸಡಿಲವಾಯಿತು. ಅಲ್ಲಿಯ ಒಬ್ಬನ ಹಲ್ಲಿನ ಬುಡದಲ್ಲಿ ಕೀವುಗಟ್ಟಿದ ಹುಣ್ಣಿತ್ತು. ಅವನ ಕಿಟ್ಟದಲ್ಲಿ ಪಾಪ್ಲರ್ ಮರದ ಅಂಶ ದೊರೆಯಿತು. ಈ ಮರದ ತೊಗಟೆಯಲ್ಲಿ ನೋವನ್ನು ಶಮನಗೊಳಿಸುವ ಗುಣವಿದೆ. ನೋವು ತಾಳಲಾರದೆ ಅವನು ಅದನ್ನು ಜಗಿದಿರಬೇಕೆಂದು 2017ರಲ್ಲಿ ಈ ಸಂಶೋಧನೆಯನ್ನು ಪ್ರಕಟಿಸಿದ ವಿಜ್ಞಾನಿಗಳು ಊಹಿಸಿದ್ದಾರೆ.

ಇನ್ನು ಹಲ್ಲಿನ ಒಳಗನ್ನು ನೋಡೋಣ. ಮರದ ಕಾಂಡದಲ್ಲಿ ವರ್ಷಕ್ಕೊಂದು ಬಳೆ ಮೂಡುವುದನ್ನು ನೀವು ಬಲ್ಲಿರಿ. ದಂತಕವಚದಲ್ಲಿ ದಿನಕ್ಕೊಂದು ಸೂಕ್ಷ್ಮವಾದ ಗೆರೆ ಮೂಡುತ್ತದೆ. ಹುಟ್ಟುವಾಗಲೇ ಬೆಳೆಯುತ್ತಿರುವ ಹಲ್ಲುಗಳಲ್ಲಿ ಮಗು ಹುಟ್ಟಿದ ದಿನವೂ ಒಂದು ಸ್ಪಷ್ಟವಾದ ಗೆರೆಯಾಗಿ ಉಳಿಯುತ್ತದೆ. ಫ್ರಾನ್ಸ್ ದೇಶದ ಪೇರ್ ಎಂಬಲ್ಲಿ ಸುಮಾರು 2,50,000 ವರ್ಷಗಳ ಹಿಂದಿನ ಒಂದು ನಿಯಾಂಡರ್ತಾಲ್ ಮಗುವಿನ ಹಲ್ಲು ದೊರೆಯಿತು. ಅದರ ಗೆರೆಗಳನ್ನೂ ಅವುಗಳಲ್ಲಿ ಸೇರಿದ್ದ ಮೂಲವಸ್ತುಗಳನ್ನೂ ಪರೀಕ್ಷಿಸಿದ ವಿಜ್ಞಾನಿಗಳು, ಆ ಮಗು ವಸಂತಕಾಲದಲ್ಲಿ ಹುಟ್ಟಿತೆಂದೂ ಎರಡೂವರೆ ವರ್ಷಗಳವರೆಗೆ ತಾಯಿಯ ಹಾಲನ್ನು ಕುಡಿಯಿತೆಂದೂ 2018ರಲ್ಲಿ ತಿಳಿಸಿದರು. ಆ ತಾಯಿಯ ಹೆಸರು ನಮಗೆ ಎಂದೂ ತಿಳಿಯದು. ಅವಳ ಅಕ್ಕರೆಯ ಅವಧಿ ಮಾತ್ರ ತಿಳಿಯಿತು.

ಮಗುವಿಗೆ ಹಸಿವೆ ಅಥವಾ ಕಠಿಣವಾದ ಕಾಯಿಲೆ ಒದಗಿದರೆ ದಂತಕವಚದ ಬೆಳವಣಿಗೆ ಕುಂಠಿತವಾಗಿ ಅಲ್ಲಿ ತಗ್ಗು ಗೆರೆಗಳೋ ಗುಳಿಗಳೋ ಉಳಿಯುತ್ತವೆ. ಮಹಾರಾಷ್ಟ್ರದ ಪುಣೆ ಜಿಲ್ಲೆಯಲ್ಲಿ ಘೋಡ್ ನದಿಯ ದಡದಲ್ಲಿ ಇನಾಮಗಾಂವ್ ಎಂಬ ಊರಿದೆ. ಪುಣೆಯ ಡೆಕ್ಕನ್ ಕಾಲೇಜಿನ ವಿದ್ವಾಂಸರು 1968ರಿಂದ 1983ರವರೆಗೆ ಅಲ್ಲಿ ಉತ್ಖನನ ನಡೆಸಿ, ಮೂರು ಸಾವಿರ ವರ್ಷಗಳ ಹಿಂದಿನ ತಾಮ್ರಶಿಲಾಯುಗದ ಒಂದು ಗ್ರಾಮವನ್ನು ಹೊರಗೆಡಹಿದರು. ಅಲ್ಲಿಯ ಜನರು ತೀರಿಕೊಂಡ ಎಳೆಯ ಮಕ್ಕಳನ್ನು ಮಡಕೆಗಳಲ್ಲಿರಿಸಿ ತಮ್ಮ ಮನೆಯ ನೆಲದಡಿಯಲ್ಲಿಯೇ ಹೂಳುತ್ತಿದ್ದರು. ಆ ಮಕ್ಕಳ ಹಾಲುಹಲ್ಲುಗಳ ಮೇಲೆ ಇಂತಹ ಗುಳಿಗಳು ಕಂಡುಬಂದಿವೆ. ಆ ಗ್ರಾಮದ ಕಷ್ಟಕಾಲದ ಕಥೆಯನ್ನು ಅವು ಹೇಳುತ್ತವೆ.

ಬೇಸಾಯದಿಂದ ಮಾನವನಿಗೆ ಒಳಿತೇ ಆಯಿತೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಹಲ್ಲುಗಳು ಈ ಮಾತಿಗೆ ಒಂದು ತಿದ್ದುಪಡಿಯನ್ನು ಸೂಚಿಸುತ್ತವೆ. ಪಿಷ್ಟ ಮತ್ತು ಸಕ್ಕರೆಯ ಅಂಶ ಹೆಚ್ಚಾಗಿರುವ ಆಹಾರ ಹಲ್ಲಿಗೆ ಅಂಟಿಕೊಂಡರೆ ಸೂಕ್ಷ್ಮಜೀವಿಗಳು ಅದರಿಂದ ಆಮ್ಲವನ್ನು ಉಂಟುಮಾಡುತ್ತವೆ. ಆ ಆಮ್ಲ ದಂತಕವಚವನ್ನು ಕರಗಿಸಿದಾಗ ಹಲ್ಲು ಹುಳುಕಾಗುತ್ತದೆ. ಧಾನ್ಯವನ್ನೇ ಮುಖ್ಯಾಹಾರವಾಗಿ ಮಾಡಿಕೊಂಡ ಬಳಿಕ ಅನೇಕ ಕಡೆಗಳಲ್ಲಿ ಹುಳುಕು ಹೆಚ್ಚಿತು. ಆದರೆ ಇದು ಬೇಸಾಯಗಾರರಿಗೇ ಮೀಸಲಾದ ರೋಗವೆಂದು ಹೇಳುವಂತಿಲ್ಲ. ಮೊರಾಕೋ ದೇಶದ ಟಾಫೊರಾಲ್ಟ್ ಗುಹೆಯಲ್ಲಿ ಸುಮಾರು 15,000 ವರ್ಷಗಳ ಹಿಂದೆ ಬೇಟೆಗಾರರೂ ಆಹಾರಸಂಗ್ರಾಹಕರೂ ಆದ ಜನರಿದ್ದರು. ಅವರು ಓಕ್ ಮರದ ಪಿಷ್ಟಭರಿತ ಕಾಯಿಗಳನ್ನು ಹೇರಳವಾಗಿ ತಿನ್ನುತ್ತಿದ್ದರು. ಪರೀಕ್ಷಿಸಲಾದ 52 ಮಂದಿ ವಯಸ್ಕರಲ್ಲಿ ಹುಳುಕುಹಲ್ಲಿಲ್ಲದವರು ಕೇವಲ ಮೂವರು!

ಹುಳುಕುಹಲ್ಲಿನ ನೋವಿಗೆ ಆ ಕಾಲದ ಜನ ಏನು ಮಾಡುತ್ತಿದ್ದರು? ಇದಕ್ಕೆ ಒಂದು ವಿಸ್ಮಯಕರವಾದ ಉತ್ತರ ನಮ್ಮ ಉಪಖಂಡದಲ್ಲಿಯೇ ದೊರೆತಿದೆ. ಇಂದಿನ ಪಾಕಿಸ್ತಾನದ ಬಲೂಚಿಸ್ತಾನದಲ್ಲಿ, ಬೋಲನ್ ಕಣಿವೆಯ ಬುಡದಲ್ಲಿ ಮೆಹರ್‌ಗಢ ಎಂಬ ನೆಲೆಯಿದೆ. ಫ್ರೆಂಚ್ ವಿದ್ವಾಂಸರಾದ ಝಾನ್ ಫ್ರಾನ್ಸ್ವಾ ಜಾರೀಜ್ ಅವರ ನೇತೃತ್ವದಲ್ಲಿ 1974ರಲ್ಲಿ ಅಲ್ಲಿ ಉತ್ಖನನ ಆರಂಭವಾಯಿತು. ಸುಮಾರು ಒಂಬತ್ತು ಸಾವಿರ ವರ್ಷಗಳ ಹಿಂದೆಯೇ ಅಲ್ಲಿಯ ಜನ ಬಾರ್ಲಿ ಮತ್ತು ಗೋಧಿಯನ್ನು ಬೆಳೆಯುತ್ತಿದ್ದರು. ದನಗಳನ್ನೂ ಆಡುಗಳನ್ನೂ ಸಾಕುತ್ತಿದ್ದರು. ಚಿಪ್ಪು ಮತ್ತು ಬಣ್ಣದ ಕಲ್ಲುಗಳಿಂದ ಮಣಿಗಳನ್ನು ಮಾಡುತ್ತಿದ್ದರು. ಅಲ್ಲಿಯ ಸ್ಮಶಾನದಲ್ಲಿ ದೊರೆತ ಒಂಬತ್ತು ಮಂದಿ ವಯಸ್ಕರ ಹನ್ನೊಂದು ದವಡೆಹಲ್ಲುಗಳಲ್ಲಿ ಬೈರಿಗೆಯಿಂದ ಕೊರೆದ ದುಂಡನೆಯ ರಂಧ್ರಗಳಿರುವುದು ಕಂಡುಬಂದಿತು. ಈ ಸಂಶೋಧನೆ 2006ರಲ್ಲಿ ಪ್ರಕಟವಾಯಿತು. ಆ ಹಲ್ಲುಗಳು 7,500ರಿಂದ 9,000 ವರ್ಷಗಳಷ್ಟು ಹಳೆಯವು. ರಂಧ್ರಗಳ ಆಳ ಅರ್ಧ ಮಿಲಿಮೀಟರಿನಿಂದ ಮೂರೂವರೆ ಮಿಲಿಮೀಟರಿನವರೆಗೆ ಇದೆ.

ಇಲ್ಲಿ ವಿಜ್ಞಾನಿಗಳು ವಿಚಾರಮಾಡಿದ ಬಗೆಯನ್ನು ಗಮನಿಸಬೇಕು. ಮೊದಲನೆಯ ಪ್ರಶ್ನೆ: ಸತ್ತ ಮೇಲೆ ಯಾರಾದರೂ ಈ ರಂಧ್ರಗಳನ್ನು ಕೊರೆದಿರಬಹುದೆ? ಇಲ್ಲ. ರಂಧ್ರಗಳ ಅಂಚುಗಳು ಜಗಿತದಿಂದ ಸವೆದು ನುಣುಪಾಗಿವೆ. ಕೊರೆದ ಮೇಲೂ ಅವರು ಬದುಕಿ, ಅದೇ ಹಲ್ಲಿನಿಂದ ಊಟಮಾಡಿದರೆಂಬುದಕ್ಕೆ ಇದೇ ಪ್ರಮಾಣ. ಎರಡನೆಯ ಪ್ರಶ್ನೆ: ಇದು ಅಲಂಕಾರಕ್ಕಾಗಿ ಮಾಡಿದುದೆ? ಅದೂ ಅಲ್ಲ. ಇವೆಲ್ಲ ಬಾಯಿಯ ಹಿಂಭಾಗದ ದವಡೆಹಲ್ಲುಗಳು. ನಕ್ಕರೂ ಹೊರಗೆ ಕಾಣಿಸವು. ಮೂರನೆಯದು: ಇದು ಚಿಕಿತ್ಸೆಯೆ? ಹನ್ನೊಂದರಲ್ಲಿ ನಾಲ್ಕು ಹಲ್ಲುಗಳಲ್ಲಿ ಹುಳುಕಿನ ಗುರುತು ಉಳಿದಿದೆ. ಆದುದರಿಂದ ಚಿಕಿತ್ಸೆಯಾಗಿರುವ ಸಂಭವವೇ ಹೆಚ್ಚು. ಉಳಿದ ಏಳರ ವಿಷಯದಲ್ಲಿ ಅವರು ಖಂಡಿತವಾಗಿ ಏನನ್ನೂ ಹೇಳಲಿಲ್ಲ. ಪ್ರಮಾಣವಿದ್ದಷ್ಟನ್ನೇ ಹೇಳಿ ಅಲ್ಲಿಗೆ ನಿಲ್ಲುವುದು ವಿಜ್ಞಾನದ ಧರ್ಮ.

ಕೊರೆದವರು ಯಾರು? ಮಣಿಗಳಿಗೆ ತೂತು ಮಾಡಲು ಬಳಸುತ್ತಿದ್ದ ಚಕಮಕಿ ಕಲ್ಲಿನ ಬೈರಿಗೆಯ ಮೊನೆಗಳು ಅಲ್ಲಿಯೇ ಸಿಕ್ಕಿವೆ. ಅಂತಹ ಮೊನೆಯನ್ನು ಕಡ್ಡಿಗೆ ಕಟ್ಟಿ, ಬಿಲ್ಲಿನ ಹಗ್ಗದಿಂದ ತಿರುಗಿಸಿ ವಿಜ್ಞಾನಿಗಳು ಪ್ರಯೋಗ ಮಾಡಿದರು. ಒಂದು ನಿಮಿಷಕ್ಕೂ ಕಡಮೆ ಅವಧಿಯಲ್ಲಿ ಹಲ್ಲಿನಲ್ಲಿ ಅಂತಹುದೇ ರಂಧ್ರ ಬಿದ್ದಿತು. ಮಣಿಗಾರನ ಕೈಚಳಕವೇ ಪ್ರಾಯಶಃ ವೈದ್ಯನ ಕೈಚಳಕವಾಯಿತು. ಅರಿವಳಿಕೆಯ ಮದ್ದು ಇಲ್ಲದ ಕಾಲದಲ್ಲಿ ಬಾಯಿ ತೆರೆದು ಕುಳಿತವನ ಧೈರ್ಯವನ್ನೂ, ಅವನ ತಲೆಯನ್ನು ಅಲುಗದಂತೆ ಹಿಡಿದಿದ್ದಿರಬಹುದಾದ ಬಂಧುವಿನ ಕಳವಳವನ್ನೂ ಊಹಿಸಿಕೊಳ್ಳಿ. ಮೆಹರ್‌ಗಢದಲ್ಲಿ ಈ ಪದ್ಧತಿ ಸುಮಾರು 1,500 ವರ್ಷಗಳ ಕಾಲ ನಡೆಯಿತು. ಅಲ್ಲಿಯೇ ಇರುವ ಮುಂದಿನ ಕಾಲದ ಸ್ಮಶಾನದಲ್ಲಿ ಹುಳುಕುಹಲ್ಲುಗಳಿವೆ, ಆದರೆ ಕೊರೆದ ಹಲ್ಲು ಒಂದೂ ಇಲ್ಲ. ಕಲಿತ ವಿದ್ಯೆಯನ್ನು ಮುಂದಿನವರಿಗೆ ದಾಟಿಸದಿದ್ದರೆ ಅದು ನಶಿಸುತ್ತದೆಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ಹರಪ್ಪದ ಜನರ ವಿಷಯವೂ ಇಲ್ಲಿ ಸ್ಮರಣೀಯ. ಅವರಿಗೆ ಲಿಪಿಯಿತ್ತು, ಆದರೆ ಅದನ್ನು ಸರ್ವಸಮ್ಮತವಾಗಿ ಓದಲು ಇನ್ನೂ ಸಾಧ್ಯವಾಗಿಲ್ಲ. ಅವರ ಹಲ್ಲುಗಳನ್ನಾದರೋ ಓದಬಹುದಾಗಿದೆ. ಬಂಡೆಗಳಲ್ಲಿರುವ ಸ್ಟ್ರಾನ್ಷಿಯಂ ಎಂಬ ಮೂಲವಸ್ತು ಮಣ್ಣಿಗೂ ನೀರಿಗೂ, ಅಲ್ಲಿಂದ ಬೆಳೆಗೂ, ಬೆಳೆಯಿಂದ ಮಗುವಿನ ಹಲ್ಲಿಗೂ ಸೇರುತ್ತದೆ. ಅದರ ಬಗೆಗಳ ಪ್ರಮಾಣ ಒಂದೊಂದು ಪ್ರದೇಶದಲ್ಲಿ ಒಂದೊಂದು ರೀತಿಯಾಗಿರುತ್ತದೆ. ಇದನ್ನು ಅಳೆದು ನೋಡಿದಾಗ, ಹರಪ್ಪದಲ್ಲಿ ಸಮಾಧಿಯಾದವರಲ್ಲಿ ಕೆಲವರು ತಮ್ಮ ಬಾಲ್ಯವನ್ನು ದೂರದ ಬೇರೆ ಪ್ರದೇಶದಲ್ಲಿ ಕಳೆದವರೆಂದು ಗೊತ್ತಾಯಿತು. ಹೊಟ್ಟೆಪಾಡಿಗಾಗಿಯೋ ವ್ಯಾಪಾರಕ್ಕಾಗಿಯೋ ಸಂಬಂಧ ಬೆಳೆಸಿಯೋ ಹುಟ್ಟೂರನ್ನು ಬಿಟ್ಟು ಪಟ್ಟಣಕ್ಕೆ ಬರುವುದು ಇಂದಿನ ಮಾತಷ್ಟೇ ಅಲ್ಲ.

ಹಲ್ಲು ಹೇಳದ ಸಂಗತಿಗಳೂ ಅನೇಕ. ಆ ಜನ ಯಾವ ಭಾಷೆಯನ್ನಾಡಿದರು, ಯಾವ ಹಾಡು ಹಾಡಿದರು, ಯಾವುದಕ್ಕೆ ನಕ್ಕರು ಎಂಬುದನ್ನು ಅದು ತಿಳಿಸದು. ಅವರೂ ಒಮ್ಮೆ ಯಾರದೋ ತಾಯಿತಂದೆಗಳಾಗಿದ್ದರು, ಯಾರದೋ ಮಕ್ಕಳಾಗಿದ್ದರು ಎಂಬುದನ್ನು ನಾವು ಮರೆಯಬಾರದು. ನೆಲ ಅಗೆಯುವಾಗ ಹಳೆಯ ಮಡಕೆಯೋ ಎಲುಬೋ ಸಿಕ್ಕಿದರೆ ಕುತೂಹಲದಿಂದ ಒಡೆದು ಚೆಲ್ಲದೆ, ಅದನ್ನು ಇದ್ದ ಜಾಗದಲ್ಲಿಯೇ ಬಿಟ್ಟು ಪ್ರಾಕ್ತನ ಇಲಾಖೆಯವರಿಗೆ ತಿಳಿಸುವುದು ವಿದ್ಯಾವಂತರ ಕರ್ತವ್ಯ. ಸ್ಥಾನಪಲ್ಲಟವಾದ ಹಲ್ಲು ಪುಟ ಹರಿದ ಪುಸ್ತಕದಂತೆ. ಅದರ ಅರ್ಧ ಕಥೆ ಆಗಲೇ ಕಳೆದುಹೋಗಿರುತ್ತದೆ.

ಬರೆಯಬಲ್ಲವರ ಚರಿತ್ರೆ ಗ್ರಂಥಗಳಲ್ಲಿದೆ. ಬರೆಯಲರಿಯದೆ ದುಡಿದು, ಉಂಡು, ನೊಂದು, ಒಬ್ಬರನ್ನೊಬ್ಬರು ಸಲಹಿ ಮಡಿದ ಕೋಟ್ಯಂತರ ಜನರ ಚರಿತ್ರೆ ಅವರ ಬಾಯಲ್ಲಿಯೇ ಉಳಿದಿದೆ. ಅದನ್ನು ತಾಳ್ಮೆಯಿಂದ ಓದುವುದನ್ನು ನಾವು ಈಗ ಕಲಿಯುತ್ತಿದ್ದೇವೆ.

ಅಭ್ಯಾಸ

1. ದಂತಕವಚಕ್ಕೂ ಮೂಳೆಗೂ ಇರುವ ಮುಖ್ಯ ವ್ಯತ್ಯಾಸವೇನು? ಅದರಿಂದ ಸಂಶೋಧಕರಿಗೆ ಆಗುವ ಪ್ರಯೋಜನವೇನು?
2. ಕ್ರಾಪಿನಾದ ಮಾನವರಲ್ಲಿ ಬಹುಮಂದಿ ಬಲಗೈಯವರೆಂದು ಹೇಗೆ ತಿಳಿಯಿತು?
3. ಮೆಹರ್‌ಗಢದ ಹಲ್ಲುಗಳನ್ನು ಬದುಕಿದ್ದಾಗಲೇ ಕೊರೆಯಲಾಯಿತೆಂಬುದಕ್ಕೆ ಆಧಾರವೇನು?
4. ‘ಪ್ರಮಾಣವಿದ್ದಷ್ಟನ್ನೇ ಹೇಳಿ ಅಲ್ಲಿಗೆ ನಿಲ್ಲುವುದು ವಿಜ್ಞಾನದ ಧರ್ಮ’ – ಈ ಮಾತನ್ನು ಪಾಠದ ಆಧಾರದಿಂದ ಸಮರ್ಥಿಸಿರಿ.
5. ನಿಮ್ಮ ಮನೆಯ ಹಿರಿಯರು ತಮ್ಮ ಬಾಲ್ಯದಲ್ಲಿ ತಿನ್ನುತ್ತಿದ್ದ ಆಹಾರವನ್ನೂ ಹಲ್ಲುಜ್ಜುತ್ತಿದ್ದ ರೀತಿಯನ್ನೂ ಕೇಳಿ ತಿಳಿದು, ಒಂದು ಪುಟದಷ್ಟು ಬರೆಯಿರಿ.